ಕಡೇ ಮನೆಯಲ್ಲಿ ಚಿತ್ರ ಹೇಗಿದೆ?

ಈಚೆಗೆ ಹೊನ್ನಾವರದ ಒಂದು ಕೇಂದ್ರದಲ್ಲಿ ಒಬ್ಬ ಶಿಕ್ಷಕಿಯ ಬೀಳ್ಕೊಡುಗೆ ಆಯಿತು. ರೇಡಿಯೋ, ಟಿವಿ, ಈಗೀಗ ಮೊಬೈಲು ರಿಪೇರಿ ಕಲಿಸುವ ಚಿಕ್ಕ ತರಬೇತಿ ಕೇಂದ್ರ ಅದು. ಅವರು ಅಲ್ಲಿ ಬಹಳ ವರ್ಷ ಕಲಿಸಿದರು. ಹಳೇ ಪರಿಚಯದವನೆಂದು ನನ್ನನ್ನೂ ಕರೆದಿದ್ದರು, ಎರಡು ಮಾತಾಡಿ ಎಂದು ಮೈಕು ಕೈಗೆ ಕೊಟ್ಟರು. ನಾನು ಗಾಬರಿಯಲ್ಲಿ, "ಇವರು ಮೊದಲು ಕುಮಟೆಯಲ್ಲಿ ನಮ್ಮ ಅಂಗಡಿಯಲ್ಲಿ ಕೆಲಸಕ್ಕಿದ್ದರು" ಎಂದು ಹೇಳಿ ಕೂತುಬಿಟ್ಟೆ. ಅವರು ನಕ್ಕು ಕೈಮುಗಿದರು. ವಾಪಸು ಬರುವ ಬಸ್ಸಿನಲ್ಲಿ ಮಾತ್ರ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಹೇಳಬೇಕಾದದ್ದು ಅದಾಗಿರಲಿಲ್ಲ. ಆದ್ದರಿಂದ ಈಗ ಬರೆಯುತ್ತಿದ್ದೇನೆ. ಹೆಸರು ಹಾಕಬಾರದು ಎಂಬ ಷರತ್ತಿನ ಮೇಲೆ ಅವರು ಒಪ್ಪಿದ್ದಾರೆ.

ಹೆಸರು ಹಾಕದಿದ್ದರೂ ಹಳೇ ಕುಮಟೆಯವರಿಗೆ ಗೊತ್ತಾಗುತ್ತದೆ. ಊರು ಅವರನ್ನು ಕರೆಯುತ್ತಿದ್ದದ್ದು 'ಟಿವಿ ಬಾಯಿ' ಎಂದು. ನಮ್ಮ ಕಡೆ ಹೆಂಗಸರನ್ನು ಮರ್ಯಾದೆಯಿಂದ ಬಾಯಿ ಅನ್ನುವುದುಂಟು. ಆದರೆ ಈ ಬಾಯಿ ಬಾಯಿ ಬಿಡುತ್ತಿದ್ದದ್ದೇ ಕಡಿಮೆ. ದಿನಕ್ಕೆ ಇಪ್ಪತ್ತು ಮಾತು ಆಡಿದರೆ ಅದರಲ್ಲಿ ಹತ್ತು "ಆತು", ಐದು "ಎಂತ?" ಆಗಿರುತ್ತಿತ್ತು.

ಎಂಬತ್ತರ ದಶಕದ ನಡುವಿನ ಮಾತು. ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಸೈಕಲ್ ಅಂಗಡಿ. ಬಾಡಿಗೆ, ಪಂಚರು, ಜೊತೆಗೆ ವಿಡಿಯೋ ಕ್ಯಾಸೆಟ್ಟು. ಊರಿಗೆ ಟಿವಿ ಬಂದಿತ್ತು, ಆದರೆ ಗುಡ್ಡದ ಮರೆಯಲ್ಲಿದ್ದ ನಮ್ಮ ಕೇರಿಗೆ ಟವರಿನ ಚಿತ್ರ ಸರಿಯಾಗಿ ಬರುತ್ತಿರಲಿಲ್ಲ. ಕಂಬಳಿಯಷ್ಟು ದೊಡ್ಡ ಆಂಟೆನಾ ಹಾಕಿದರೂ ನೆರಳಿನ ಹಿಂದೆ ಇನ್ನೊಂದು ನೆರಳು. ನಾನು ಹುಬ್ಬಳ್ಳಿಯ ಒಬ್ಬನನ್ನು ಹಿಡಿದು ತಾರಸಿಯ ಮೇಲೆ ಹನ್ನೆರಡು ಅಡಿಯ ಡಿಶ್ ಹಾಕಿಸಿದೆ. ಕಬ್ಬಿಣದ ಪಟ್ಟಿಗಳ ಮೇಲೆ ಕೋಳಿಜಾಲರಿ ಬಿಗಿದ ದೊಡ್ಡ ಬಟ್ಟಲು. ಅದು ಉಪಗ್ರಹದಿಂದ ನೇರವಾಗಿ ದೆಹಲಿಯ ಕಾರ್ಯಕ್ರಮ ಹಿಡಿಯುತ್ತಿತ್ತು. ಅಲ್ಲಿಂದ ವಾಯರು ಎಳೆದು ಕೇರಿಯ ಮನೆಗಳಿಗೆ ಕೊಟ್ಟೆ. ಮೊದಲ ಮಳೆಗಾಲದಲ್ಲೇ ಚಿತ್ರ ಮಂಕಾಯಿತು. ಹುಬ್ಬಳ್ಳಿಯವನು ಪತ್ರಕ್ಕೆ ಉತ್ತರ ಬರೆಯಲಿಲ್ಲ.

ಆಗ ಒಂದು ದಿನ ಸೈಕಲ್ಲು ತಳ್ಳಿಕೊಂಡು ಒಬ್ಬ ಹೆಂಗಸು ಪಂಚರಿಗೆ ಬಂದರು. ಇಪ್ಪತ್ತೆಂಟು ಮೂವತ್ತು ಇರಬಹುದು. ನಾನು ಟ್ಯೂಬು ನೀರಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದೆ. ಅವರು ತಲೆಯೆತ್ತಿ ತಾರಸಿ ನೋಡಿದರು.

"ಅಣ್ಣಾ, ನಿಮ್ಮ ಡಿಶ್ ಬಡಗಕ್ಕೆ ವಾಲಿದೆ."

"ನಿಮಗೆ ಹೇಗೆ ಗೊತ್ತು?"

"ನಮ್ಮೂರಿಂದ ನೋಡಿದ್ರೆ ಉಪಗ್ರಹ ನೆತ್ತಿಗಿಂತ ಸ್ವಲ್ಪ ತೆಂಕಕ್ಕೆ. ಇದು ಎಂತದನ್ನು ನೋಡ್ತಾ ಇದೆಯೋ ಗೊತ್ತಿಲ್ಲ."

ಪಂಚರು ಮುಗಿಯುವಷ್ಟರಲ್ಲಿ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಹದಿನಾಲ್ಕು ನಂಬರಿನ ಪಾನಾ ತೆಗೆದುಕೊಂಡು ಏಣಿ ಹತ್ತಿಯಾಗಿತ್ತು. ಕೆಳಗೆ ಟಿವಿಯಲ್ಲಿ ಮೊದಲು ಗೆರೆ ಬಂದವು, ಆಮೇಲೆ ಯಾರದ್ದೋ ಮೂಗು, ಆಮೇಲೆ ಪೂರ್ತಿ ಮುಖ. ನಾನು "ಬಂತು, ಬಂತು!" ಎಂದು ಕೂಗಿದೆ. ಅವರು ಇಳಿದು ಬಂದು ಕೇಳಿದ್ದು ಒಂದೇ: "ಕಡೇ ಮನೇಲಿ ಹೇಗಿದೆ?"

ವಾಯರು ಮುಗಿಯುವ ಕಡೇ ಮನೆಯಲ್ಲಿ ಹೇಗಿದೆ ಎಂದು ನನಗೆ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಚೆನ್ನಾಗಿದ್ದರೆ ಎಲ್ಲ ಕಡೆ ಚೆನ್ನಾಗಿದ್ದಂತೆ ಎಂದು ನಾನು ತಿಳಿದಿದ್ದೆ.

ಅವರು ಕುಮಟೆಯ ಪಕ್ಕದ ಬಾಡ ಊರಿನವರು. ಎಸ್ಸೆಸ್ಸೆಲ್ಸಿ ಮುಗಿಸಿ ಚಿಕ್ಕಮ್ಮನ ಜೊತೆ ಬೆಂಗಳೂರಿಗೆ ಹೋಗಿ, ಟಿವಿ ತಯಾರಿಸುವ ಕಾರ್ಖಾನೆಯಲ್ಲಿ ಆರು ವರ್ಷ ಬೆಸುಗೆ ಹಾಕಿದ್ದರು. ಉದ್ದನೆಯ ಮೇಜಿನ ಮುಂದೆ ಅವರಂಥ ನಲವತ್ತು ಹುಡುಗಿಯರು. ಪ್ರತಿಯೊಬ್ಬರಿಗೂ ಹಲಗೆಯ ಮೇಲೆ ಹತ್ತೋ ಹದಿನೈದೋ ಚುಕ್ಕೆ, ಅಷ್ಟೇ. ಉಳಿದವರು ತಮ್ಮ ಚುಕ್ಕೆ ಮುಗಿಸಿ ಕೈ ತೊಳೆಯುತ್ತಿದ್ದರೆ, ಇವರು ಪಕ್ಕದವಳ ಚುಕ್ಕೆ ಯಾತಕ್ಕೆ ಎಂದು ಕೇಳುತ್ತ ಹೋದರು. ಹಾಗೆ ಕೇಳಿ ಕೇಳಿ ಮೇಜಿನ ಆ ತುದಿಯವರೆಗೆ ಕಲಿತರು. ತಾಯಿ ಬಿದ್ದು ಸೊಂಟ ಮುರಿದುಕೊಂಡಾಗ ಊರಿಗೆ ಬಂದವರು ಮತ್ತೆ ಹೋಗಲಿಲ್ಲ. ಇಷ್ಟು ನನಗೆ ತಿಳಿಯಲು ಎರಡು ವರ್ಷ ಹಿಡಿಯಿತು.

ನಾನು ಕರೆದದ್ದಕ್ಕೆ, ಡಿಶ್ ಸರಿಮಾಡಿದ ಮಾರನೇ ವಾರದಿಂದಲೇ ಅವರು ನಮ್ಮಲ್ಲಿ ಕೆಲಸಕ್ಕೆ ಬಂದರು. ಬಂದ ದಿನ ಮೊದಲು ಮಾಡಿದ್ದು ಕೇರಿಯ ಇಡೀ ವಾಯರನ್ನು ನಡೆದು ನೋಡಿದ್ದು. ಸಮುದ್ರದ ಗಾಳಿಗೆ ವಾಯರು ಕೂಡುವ ಕಡೆಯೆಲ್ಲ ತಾಮ್ರ ಹಸಿರುಗಟ್ಟಿತ್ತು. ನನ್ನ ಅಂಗಡಿಯ ಹಳೇ ಟ್ಯೂಬುಗಳನ್ನು ಕತ್ತರಿಸಿ, ಪ್ರತಿ ಜೋಡಣೆಗೂ ಮೇಣ ಕರಗಿಸಿ ಹೊಯ್ದು, ಮೇಲೆ ಟ್ಯೂಬು ಸುತ್ತಿ ಕಟ್ಟಿದರು. ಆಮೇಲೆ ಯಾವ ಮಳೆಗೂ ಆ ಗಂಟುಗಳು ಜಗ್ಗಲಿಲ್ಲ.

ಅವರ ಚೀಲದಲ್ಲಿ ಕೆಂಪು ನೈಲ್‌ಪಾಲಿಶ್ ಶೀಸೆ ಇರುತ್ತಿತ್ತು. ಉಗುರಿಗೆ ಹಚ್ಚಿಕೊಂಡದ್ದನ್ನು ಯಾರೂ ನೋಡಿಲ್ಲ. ಯಾವ ಸ್ಕ್ರೂ ತಿರುಗಿಸುವ ಮೊದಲೂ ಅದು ಇದ್ದ ಜಾಗಕ್ಕೆ ಒಂದು ಕೆಂಪು ಗೆರೆ ಎಳೆಯುತ್ತಿದ್ದರು. "ಮೊದ್ಲು ಗುರ್ತು, ಆಮೇಲೆ ತಿರುಗ್ಸೋದು. ಹೊಸ್ತು ಸಿಗದಿದ್ರೂ ಹಳೇದಕ್ಕೆ ವಾಪಸು ಬರೋಕೆ ದಾರಿ ಬೇಕಲ್ದಾ?"

ಒಂದು ಮಾರ್ಚಿಯಲ್ಲಿ ಅವರು ಅಂಗಡಿಯ ಮುಂದೆ ಸೀಮೆಸುಣ್ಣದಲ್ಲಿ ಬರೆದರು: 'ನಾಳೆ ಮಧ್ಯಾಹ್ನ ಒಂದು ಗಂಟೆಗೆ ಇಪ್ಪತ್ತು ನಿಮಿಷ ಇರುವಾಗ ಚಿತ್ರ ಹೋಗುತ್ತದೆ. ಯಾರೂ ಟಿವಿ ಬಡಿಯಬಾರದು. ತಾನಾಗಿ ಬರುತ್ತದೆ.' ಜನ ನಕ್ಕರು. ಟಿವಿ ಬಾಯಿ ಪಂಚಾಂಗ ಹೇಳಲು ಶುರುಮಾಡಿದ್ದಾರೆ ಎಂದರು. ಮಾರನೇ ದಿನ ಹತ್ತಿಪ್ಪತ್ತು ಜನ ಅಂಗಡಿಯಲ್ಲಿ ಗಡಿಯಾರ ನೋಡುತ್ತ ನಿಂತರು. ಹೇಳಿದ ಹೊತ್ತಿಗೆ, ಕಾಲೇಜು ಹುಡುಗರಿಗೆ ಬರುವ ಪಾಠ ಶುರುವಾಗುವ ಮೊದಲೇ, ಪರದೆಯ ತುಂಬ ಮಂಡಕ್ಕಿ ಚೆಲ್ಲಿದ ಹಾಗಾಯಿತು. ಏಳೆಂಟು ನಿಮಿಷಕ್ಕೆ ತಾನಾಗಿ ಚಿತ್ರ ಬಂತು. ಅಂದಿನಿಂದ ಕೇರಿಯ ಹೆಂಗಸರು ಹಪ್ಪಳ ಒಣಗಿಸುವ ಮೊದಲು ಮಳೆ ಬರುತ್ತದೆಯೇ ಎಂದು ಇವರನ್ನೇ ಕೇಳತೊಡಗಿದರು.

ನನ್ನನ್ನು ಮಾತ್ರ ಅವರು ತಾರಸಿಗೆ ಕರೆದಿದ್ದರು. ವರ್ಷಕ್ಕೆ ಎರಡು ಸಲ ಕೆಲವು ದಿನ ಸೂರ್ಯ ಉಪಗ್ರಹದ ಸರಿಯಾಗಿ ಬೆನ್ನಿಗೆ ಬರುತ್ತಾನಂತೆ. ಅವನ ಅಬ್ಬರದಲ್ಲಿ ಉಪಗ್ರಹದ ಸಣ್ಣ ದನಿ ಕೇಳುವುದಿಲ್ಲ. ಡಿಶ್ಶಿನ ನಡುವೆ ಕೋಲಿನ ತುದಿಗೆ ಒಂದು ಡಬ್ಬಿ ಇರುತ್ತದೆ. ಬಟ್ಟಲಿಗೆ ಬಿದ್ದ ಅಲೆಯನ್ನು ಕೂಡಿಸಿ ಹಿಡಿಯುವುದು ಅದೇ. ಅದರ ನೆರಳು ಆ ಹೊತ್ತಿಗೆ ಜಾಲರಿಯ ನಟ್ಟನಡುವೆ ಬಿದ್ದಿತ್ತು.

"ನೆರಳು ನಡುವೆ ಬಿತ್ತು ಅಂದ್ರೆ ನಾವು ಸರಿಯಾಗಿ ನೋಡ್ತಾ ಇದ್ದೇವೆ ಅಂತ" ಎಂದರು. ಅಷ್ಟು ಸಂತೋಷದ ಮುಖವನ್ನು ಅವರಲ್ಲಿ ಅದಕ್ಕೂ ಮೊದಲು ಕಂಡಿರಲಿಲ್ಲ.

ಇನ್ನು ಕಡೇ ಮನೆಯ ಮಾತು. ನಮ್ಮ ವಾಯರು ಮುಗಿಯುತ್ತಿದ್ದದ್ದು ಹಳ್ಳದ ಹತ್ತಿರ, ಒಣಮೀನಿನ ವ್ಯಾಪಾರ ಮಾಡುವ ಒಂದು ಮನೆಯಲ್ಲಿ. ತುಂಬು ಸಂಸಾರ. ಆ ಮನೆಯ ಹಿರಿಯಳನ್ನು ಎಲ್ಲರೂ ಆಯಿ ಅನ್ನುತ್ತಿದ್ದರು. ರತ್ನಾಗಿರಿ ಕಡೆಯ ಬಂದರಿನ ಹುಡುಗಿ, ಮದುವೆಯಾಗಿ ಹಡಗಿನಲ್ಲಿ ಬಂದಿಳಿದವಳು. ಮರಾಠಿ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಓದಿದ್ದಳು. ಇಲ್ಲಿ ಕೊಂಕಣಿ ಕನ್ನಡ ಎರಡನ್ನೂ ಕಲಿತಳು. ಆದರೆ ಸಾಮಾನು ಕಟ್ಟಿಕೊಂಡು ಬಂದ ಮರಾಠಿ ಪೇಪರಿನ ಚೂರು ಸಿಕ್ಕರೆ ಸುಕ್ಕು ನೀವಿ ಓದಿ, ಮಡಚಿ ಹಾಸಿಗೆಯ ಕೆಳಗೆ ಇಡುತ್ತಿದ್ದಳಂತೆ. ಈಗ ಕಣ್ಣಿಗೆ ಪೊರೆ ಬಂದು ಅದೂ ನಿಂತಿತ್ತು. ಟಿವಿ ಬಾಯಿ ವಾಯರು ನೋಡಲು ಹೋದಾಗಲೆಲ್ಲ ಅವಳ ಹತ್ತಿರ ಹತ್ತು ನಿಮಿಷ ಕೂರುತ್ತಿದ್ದರು. ಒಬ್ಬರು ಮಾತು ಕಡಿಮೆ ಆಡುವವರು, ಇನ್ನೊಬ್ಬಳಿಗೆ ಆಡಬೇಕಾದ ಮಾತಿಗೆ ಜನವಿಲ್ಲ.

ಆ ವರ್ಷ ಜುಲೈಯಲ್ಲಿ ಒಂದು ಸಂಜೆ ಬಾಯಿ ತಾರಸಿಗೇ ಒಂದು ಟಿವಿ ತರಿಸಿಟ್ಟುಕೊಂಡು ಡಿಶ್ಶಿನ ಡಬ್ಬಿಯ ಸ್ಕ್ರೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿದ್ದರು. ಉಪಗ್ರಹ ಇನ್ನೊಂದು ಕಾರ್ಯಕ್ರಮವನ್ನೂ ಬಿಡುತ್ತಿದೆ ಎಂದು ಎಲ್ಲೋ ಓದಿದ್ದರಂತೆ. ಮಂಡಕ್ಕಿಯ ನಡುವಿನಿಂದ ಕುಂಕುಮ ಇಟ್ಟ ಒಂದು ಹೆಂಗಸಿನ ಮುಖ ಮೂಡಿತು, ಕೆಳಗೆ ಮರಾಠಿ ಅಕ್ಷರ. ಎರಡು ನಿಮಿಷ ಇತ್ತು, ಹೋಯಿತು. ನಾವು ಇಬ್ಬರೂ ಮುಖ ಮುಖ ನೋಡಿಕೊಂಡೆವು.

"ಆಯಿಗೆ ಹೇಳ್ಬೇಡಿ" ಎಂದರು ಬಾಯಿ. "ಸಿಕ್ಕಿದ್ದು ಇಲ್ಲಿ. ಅಲ್ಲಿಗೆ ಮುಟ್ಸೋದು ಬೇರೆ."

ಅದು ಎಷ್ಟು ಬೇರೆ ಎಂದು ನನಗೆ ಆಮೇಲೆ ತಿಳಿಯಿತು. ಒಂದೇ ವಾಯರಿನಲ್ಲಿ ಎರಡು ಚಾನೆಲ್ ಕಳಿಸಬೇಕು. ಹೊಸದನ್ನು ಹಳೆಯದರ ಪಕ್ಕದ ನಂಬರಿಗೆ ಕೂರಿಸಿದರೆ ಒಂದರ ದನಿ ಇನ್ನೊಂದರ ಚಿತ್ರದ ಮೇಲೆ ಗೆರೆ ಹೊಡೆಯುತ್ತದೆ. ದೂರದ ದೊಡ್ಡ ನಂಬರಿಗೆ ಕೂರಿಸಿದರೆ ಗೆರೆ ಇಲ್ಲ, ಆದರೆ ನಂಬರು ದೊಡ್ಡದಾದಷ್ಟೂ ವಾಯರು ಅದನ್ನು ಹೆಚ್ಚು ತಿಂದುಹಾಕುತ್ತದೆ. ಅರ್ಧ ಕೇರಿ ದಾಟುವಷ್ಟರಲ್ಲಿ ಚಿತ್ರ ಸೊರಗುತ್ತದೆ, ಕಡೇ ಮನೆಗೆ ಬರೀ ಮಂಡಕ್ಕಿ.

"ಆಯಿಗೆ ಹೇಗೂ ಕಣ್ಣು ಕಾಣೋದಿಲ್ಲ. ದನಿ ಕೇಳಿದ್ರೆ ಸಾಕಲ್ಲ?" ಎಂದೆ.

ಅವರು ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟರು. "ಅವರಿಗೆ ಎಷ್ಟು ಕಾಣ್ತದೆ ಅನ್ನೋದು ಅವರ ಕಣ್ಣಿಗೆ ಬಿಟ್ಟದ್ದು ಅಣ್ಣಾ. ಕಳ್ಸೋರು ಪೂರ್ತಿ ಕಳಿಸ್ಬೇಕು."

ನನಗೆ ಚೌತಿ ಹಬ್ಬದೊಳಗೆ ಎರಡನೇ ಚಾನೆಲ್ ಬೇಕಾಗಿತ್ತು. ಪೇಟೆಯ ಇನ್ನೊಂದು ವಿಡಿಯೋ ಅಂಗಡಿಯವನೂ ಡಿಶ್ ತರುತ್ತಾನೆ ಎಂಬ ಸುದ್ದಿ ಹಬ್ಬಿತ್ತು. ನಾನು ಊರಿಗೆಲ್ಲ ಹೇಳಿಕೊಂಡು ಬಂದೆ. ಬಾಯಿ "ಆಗೂದಿಲ್ಲ" ಎಂದರು. ಹಬ್ಬಕ್ಕೆ ಅವರು ಬಾಡಕ್ಕೆ ಹೋದರು. ಹೋಗುವಾಗ, "ಎಂತದನ್ನೂ ಮುಟ್ಬೇಡಿ" ಎಂದರು.

ಚೌತಿಯ ದಿನ ಬೆಳಿಗ್ಗೆ ನಾನು ಏಣಿ ಹತ್ತಿದೆ.

ಅದಕ್ಕೂ ಮೊದಲು ಇನ್ನೊಂದು ಕೆಲಸ ಮಾಡಿದ್ದೆ. ಕಡೇ ಮನೆಗೆ ಹೋಗಿ, "ಆಯೀ, ಇವತ್ತು ಸಂಜೆ ನಿಮ್ಮ ಮರಾಠಿ ಬರ್ತದೆ" ಎಂದು ಹೇಳಿಬಂದಿದ್ದೆ. ಏಣಿಯ ಮೇಲೆ ನಿಂತು ಸ್ಕ್ರೂ ತಿರುಗಿಸಿದೆ. ಏನೂ ಬರಲಿಲ್ಲ. ಡಿಶ್ಶಿನ ಬೋಲ್ಟು ಸಡಿಲಿಸಿ ಸ್ವಲ್ಪ ಸರಿಸಿದೆ. ಮತ್ತೆ ಸ್ಕ್ರೂ. ಮಧ್ಯಾಹ್ನದ ಹೊತ್ತಿಗೆ ಹಳೇ ಚಾನೆಲ್ಲೂ ಹೋಯಿತು. ಕೆಂಪು ಗೆರೆ ಎಲ್ಲಿತ್ತು ಎಂದು ಹುಡುಕಿದರೆ ನನ್ನ ಪಾನಾ ಜಾರಿ ಜಾರಿ ಅದು ಕೆರೆದುಹೋಗಿತ್ತು. ಹಬ್ಬದ ದಿನ ಕೇರಿಗೆ ಕೇರಿಯೇ ಟಿವಿ ಇಲ್ಲದೆ ಅಂಗಡಿಯ ಮುಂದೆ ಬಂದು ನಿಂತಿತು.

ಬೈಗುಳ ತಿಂದದ್ದು ನನಗೆ ಮರೆತುಹೋಗಿದೆ. ಮರೆಯದಿರುವುದು ಸಂಜೆ ಕಡೇ ಮನೆಗೆ ಹೋದದ್ದು. ಆಯಿ ಕಾಸೆ ಹಾಕಿ ಹಸಿರು ಸೀರೆ ಉಟ್ಟು, ಮೂಗಿಗೆ ಮುತ್ತಿನ ನತ್ತು ಇಟ್ಟು, ಟಿವಿಯ ಎದುರು ಮಣೆಯ ಮೇಲೆ ಕೂತಿದ್ದಳು. ಟಿವಿ ಸೊಂಯ್ ಅನ್ನುತ್ತಿತ್ತು. ಅವಳ ಸೊಸೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಮೂರು ಗಂಟೆಯಿಂದ ಕೂತಿದ್ದಾರೆ. ಬಂದ್ ಮಾಡ್ತೆ ಅಂದ್ರೆ ಬ್ಯಾಡ, ಈಗ ಬರ್ತದೆ ಅಂತಾರೆ" ಎಂದಳು. ನಾನು ಬಾಗಿಲಲ್ಲೇ ನಿಂತು ಹಿಂದೆ ಬಂದೆ.

ಮಾರನೇ ದಿನ ಬಾಯಿ ಬಂದರು. ಸುದ್ದಿ ಬಾಡಕ್ಕೂ ಮುಟ್ಟಿತ್ತು. ಕೆಲಸ ಬಿಡುತ್ತೇನೆ ಅನ್ನುತ್ತಾರೆ ಎಂದು ನಾನು ತಯಾರಾಗಿದ್ದೆ. ಅವರು ಚೀಲ ಕೆಳಗಿಟ್ಟು ಕೇಳಿದರು, "ಎಷ್ಟು ಸುತ್ತು ತಿರುಗ್ಸಿದ್ರಿ?"

"ನೆನಪಿಲ್ಲ."

"ಬೋಲ್ಟೂ ಮುಟ್ಟಿದ್ರಾ?"

"ಹೌದು."

"ಆಯಿಗೂ ಹೇಳಿದ್ರಾ?"

ನಾನು ತಲೆ ತಗ್ಗಿಸಿದೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ, "ಸ್ಕ್ರೂ ನಾನು ನೋಡ್ತೆ. ಆಯಿ ಹತ್ರ ನೀವೇ ಹೋಗಿ ಹೇಳ್ಬೇಕು, ತಪ್ಪು ನಿಮ್ಮದು ಅಂತ" ಎಂದರು. ಹೋದೆ, ಹೇಳಿದೆ. ಆಯಿ ನನ್ನ ಮಾತು ಪೂರ್ತಿ ಕೇಳಿ, ಒಂದು ಪಂಚಕಜ್ಜಾಯದ ಪೊಟ್ಟಣ ಕೈಗಿಟ್ಟಳು. ಬೈದಿದ್ದರೆ ಒಳ್ಳೆಯದಿತ್ತು.

ಹಳೇ ಚಾನೆಲ್ ಎರಡು ದಿನದಲ್ಲಿ ಬಂತು, ಮಂಕಾಗಿ. ಹೊಸದರ ಸುಳಿವೇ ಇರಲಿಲ್ಲ. ಅದು ಮೊದಲೇ ಸಣ್ಣ ದನಿ, ಡಿಶ್ ಕೂದಲೆಳೆ ತಪ್ಪಿದರೂ ಸಿಗುವುದಿಲ್ಲ ಎಂದರು ಬಾಯಿ. ಅಳೆಯುವ ಯಂತ್ರ ನಮ್ಮ ಹತ್ತಿರ ಇರಲಿಲ್ಲ.

"ಸೂರ್ಯನ್ನೇ ಕೇಳ್ಬೇಕು" ಎಂದರು. ಸೆಪ್ಟೆಂಬರ್ ಕೊನೆಗೆ ಅವನು ಮತ್ತೆ ಉಪಗ್ರಹದ ಬೆನ್ನಿಗೆ ಬರುವವನಿದ್ದ, ಈ ಸಲ ಹನ್ನೆರಡೂವರೆಗೂ ಮೊದಲೇ. ಅಲ್ಲಿಯವರೆಗೆ ಕಾಯಬೇಕು.

ಆ ಎರಡು ವಾರ ಅವರು ಸುಮ್ಮನೆ ಕೂರಲಿಲ್ಲ. ಹೊಸ ಚಾನೆಲ್ಲನ್ನು ದೊಡ್ಡ ನಂಬರಿಗೇ ಕೂರಿಸುವುದೆಂದು ಹಟ ಹಿಡಿದರು. ದಾರಿಯಲ್ಲಿ ಒಂದು ಬೂಸ್ಟರ್ ಡಬ್ಬಿ ಇಟ್ಟು ದನಿ ಎತ್ತಬೇಕು. "ಕಡೇ ಮನೆ ಹತ್ರ ಇಟ್ರೆ ಸುಲಭ ಅಲ್ವಾ?" ಎಂದೆ. "ಅಲ್ಲಿ ಬರೋದು ಮಂಡಕ್ಕಿ. ಮಂಡಕ್ಕಿ ದೊಡ್ಡದು ಮಾಡಿದ್ರೆ ದೊಡ್ಡ ಮಂಡಕ್ಕಿ ಆಗ್ತದೆ. ಚಿತ್ರ ಗಟ್ಟಿ ಇರುವಾಗ್ಲೇ ಎತ್ಬೇಕು" ಎಂದರು. ಅಂದರೆ ಕೇರಿಯ ನಡುವೆ. ನಡುವೆ ಇದ್ದದ್ದು ಒಬ್ಬ ದರ್ಜಿಯ ಮನೆ. ಅವನು ನಮ್ಮ ವಾಯರು ಗೋಡೆ ಮುಟ್ಟಲೂ ಬಿಡದವನು. ಡಬ್ಬಿ ಸಿಡಿಲು ಎಳೆಯುತ್ತದೆ ಎಂಬುದು ಅವನ ಹೆದರಿಕೆ. ನಾನು ಮೂರು ಸಲ ಹೋಗಿ ಜಗಳವಾಡಿ ಬಂದಿದ್ದೆ.

ಬಾಯಿ ಹೋಗಿ, "ನೀವು ಹೆದರೋದು ಸರಿಯೇ" ಎಂದರಂತೆ. ದರ್ಜಿಗೆ ಅದೇ ಆಶ್ಚರ್ಯ. ಮಾರನೇ ದಿನ ಅವರೇ ಹಾರೆ ಹಿಡಿದು ಅವನ ಮನೆಯ ಮಗ್ಗುಲಲ್ಲಿ ಹೊಂಡ ತೋಡಿ, ಇದ್ದಿಲು ಉಪ್ಪು ತುಂಬಿ, ಕಬ್ಬಿಣದ ಸಲಾಕೆ ಹುಗಿದು, ಸಿಡಿಲು ಬಂದರೆ ಭೂಮಿಗೆ ಇಳಿಯುವ ತಂತಿ ಎಳೆದರು. ದರ್ಜಿ ಪಕ್ಕದಲ್ಲಿ ನಿಂತು ಉಪ್ಪಿನ ಮೇಲೆ ನೀರು ಹೊಯ್ದ. ಕೊನೆಗೆ ಡಬ್ಬಿಗೆ ಮಳೆ ತಾಗದಿರಲಿ ಎಂದು ಅವನೇ ಒಂದು ತಾಡಪಾಲಿನ ಗೌಸು ಹೊಲಿದು ಕೊಟ್ಟ.

ಸೂರ್ಯನ ದಿನ ಬಂತು, ಮೋಡವೂ ಬಂತು. ಹನ್ನೆರಡು ಗಂಟೆಗೆ ನಾವಿಬ್ಬರೂ ತಾರಸಿಯ ಮೇಲೆ. ಕೆಳಗೆ ಟಿವಿಯಲ್ಲಿ ಚಿತ್ರ ಹೋಯಿತು, ಬಂತು. ನೆರಳು ಮಾತ್ರ ಬೀಳಲಿಲ್ಲ. ಎರಡನೇ ದಿನವೂ ಹಾಗೇ. ಬಾಯಿ ಜಾಲರಿ ಹಿಡಿದುಕೊಂಡು ಆಕಾಶ ನೋಡುತ್ತ ನಿಂತಿದ್ದರು. ನಾಳೆ ತಪ್ಪಿದರೆ ಮತ್ತೆ ಮಾರ್ಚಿ.

ಮೂರನೇ ದಿನ ಹನ್ನೆರಡು ದಾಟಿದ ಮೇಲೆ ಪಡುವಣ ಗಾಳಿ ಎದ್ದು ಮೋಡ ಒಡೆಯಿತು. ಬಿಸಿಲು ಜಾಲರಿಯ ಮೇಲೆ ಸುರಿಯಿತು. ಡಬ್ಬಿಯ ನೆರಳು ನಡುವಿನಿಂದ ಒಂದು ಗೇಣು ಆಚೆ ಬಿದ್ದಿತ್ತು. ನನ್ನ ಕೈಕೆಲಸ ಅದು. "ಹಿಡೀರಿ, ಬೇಗ" ಎಂದರು. ನಾನು ಬಟ್ಟಲಿಗೆ ಹೆಗಲು ಕೊಟ್ಟೆ, ಅವರು ಬೋಲ್ಟು ಸಡಿಲಿಸಿದರು. "ತೆಂಕಕ್ಕೆ... ಇನ್ನೂ... ಸಾಕು. ಉಸಿರಾಡ್ಬೇಡಿ." ನೆರಳು ತೆವಳಿ ನಡುವಿಗೆ ಬಂದು ನಿಂತಿತು. ಅವರು ಬೋಲ್ಟು ಬಿಗಿದು, ನೈಲ್‌ಪಾಲಿಶ್ ತೆಗೆದು ನನ್ನ ಕೈಗೆ ಕೊಟ್ಟರು. "ಈ ಸಲ ಗುರ್ತು ನೀವು ಹಾಕಿ." ನಾನು ಎಳೆದ ಗೆರೆ ಸೊಟ್ಟಗಾಯಿತು. "ಆತು" ಎಂದರು.

ಅದೇ ವಾರ ಒಂದು ಸಂಜೆ ಕಡೇ ಮನೆಗೆ ಹೋದೆವು. ಈ ಸಲ ಆಯಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಅವಳು ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಬಾಯಿ ಟಿವಿಯ ಗುಂಡಿ ಒಂದೊಂದೇ ನಂಬರು ತಿರುಗಿಸಿದರು. ಕಟಕ್, ಕಟಕ್. ಕಡೆಯ ಕಟಕ್ಕಿಗೆ ಚಿತ್ರ ಬಂತು. ಅಂಗಡಿಯಲ್ಲಿ ಇದ್ದಷ್ಟೇ ನಿಚ್ಚಳ, ಒಂದು ಗೆರೆಯಿಲ್ಲ. ಒಬ್ಬಳು ಮರಾಠಿಯಲ್ಲಿ ಏನೋ ಅಡುಗೆ ಹೇಳುತ್ತಿದ್ದಳು.

ಆಯಿಯ ಕೈ ನಿಂತಿತು. ಸ್ವಲ್ಪ ಹೊತ್ತು ಹಾಗೇ ಕೇಳಿದಳು. ಆಮೇಲೆ ಟಿವಿಯತ್ತ ತಿರುಗಿ ಮರಾಠಿಯಲ್ಲಿ ಗಟ್ಟಿಯಾಗಿ ಏನೋ ಅಂದಳು. ಮತ್ತೆ ಅಂದಳು, ಬೆಳ್ಳುಳ್ಳಿ ಎತ್ತಿ ತೋರಿಸಿ. ಸೊಸೆಗೆ ನಗು ತಡೆಯಲಾಗಲಿಲ್ಲ. "ಎಂತ ಹೇಳ್ತಾರೆ?" ಎಂದು ಬಾಯಿ ಕೇಳಿದರು.

"ಅದಕ್ಕೆ ಅಷ್ಟು ಬೆಳ್ಳುಳ್ಳಿ ಸಾಲೂದಿಲ್ಲ ಮಗಳೇ, ನಿನ್ನ ತಾಯಿ ನಿನಗೆ ಕಲಿಸ್ಲಿಲ್ವಾ ಅಂತ ಬೈತಾ ಇದ್ದಾರೆ. ಇಪ್ಪತ್ತು ವರ್ಷದಲ್ಲಿ ಅವ್ರು ಇಷ್ಟು ಮರಾಠಿ ಮಾತಾಡಿದ್ದು ನಾ ಕೇಳಿಲ್ಲ."

ಆಯಿ ಮಣೆ ಎಳೆದುಕೊಂಡು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಕೂತಳು. ಅವಳಿಗೆ ಎಷ್ಟು ಕಂಡಿತೋ ಗೊತ್ತಿಲ್ಲ. ಅಡುಗೆ ಮುಗಿಯುವವರೆಗೂ ಜಗಳ ಮುಗಿಯಲಿಲ್ಲ. ಬಾಯಿ ಗೋಡೆಗೆ ಒರಗಿ ನೋಡುತ್ತಿದ್ದರು, ಆಯಿಯನ್ನು.

ಚಹಾ ಕುಡಿದು ಹೊರಗೆ ಬಂದೆವು. ಬೆಳಕು ಇನ್ನೂ ಇತ್ತು. ಅಲ್ಲಿಗೆ ನಮ್ಮ ವಾಯರು ಮುಗಿಯುತ್ತದೆ ಎಂದುಕೊಂಡು ನಾನು ಕಂಬದ ಕಡೆ ನೋಡಿದೆ. ಮುಗಿದಿರಲಿಲ್ಲ. ಕಂಬದ ಮೇಲೆ, ಕತ್ತರಿಸದೆ ಉಳಿಸಿದ ನೂರಾರು ಅಡಿ ಹೊಸ ವಾಯರು ನೀಟಾಗಿ ಸುರುಳಿ ಸುತ್ತಿ, ತುದಿಗೆ ಮೇಣ ಹಾಕಿ ಟ್ಯೂಬು ಕಟ್ಟಿ ತೂಗುಬಿಟ್ಟಿತ್ತು.

"ಇದ್ಯಾಕೆ ಬಾಯಿ? ಇದು ಕಡೇ ಮನೆ ಅಲ್ವಾ?"

ಅವರು ಸೈಕಲ್ಲಿನ ಸ್ಟ್ಯಾಂಡು ಒದ್ದು, ಹಳ್ಳದ ಆಚೆ ಹೊಗೆಯಾಡುತ್ತಿದ್ದ ನಾಲ್ಕೈದು ಗುಡಿಸಲುಗಳ ಕಡೆ ಗಲ್ಲ ಎತ್ತಿ ತೋರಿಸಿದರು.

"ಅವರು ನಿನ್ನೆ ಕೇಳಿದ್ರು" ಎಂದು ಹೇಳಿ, ಆ ಕಡೆ ಹೊರಟರು.